ವಾಲಬಿ ಹೊಸಿಲು ದಾಟಿತು

ನನಗೆ ಮನುಷ್ಯರ ಮೇಲೆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಮದುವೆಯಾಗಿ ನಲವತ್ತಾರು ವರ್ಷವಾದ ಮೇಲೂ ಗಂಡನ ಜೊತೆ ಮಾತಾಡುತ್ತಿದ್ದೇನೆ ಅನ್ನುವುದೇ ಅದಕ್ಕೆ ಸಾಕ್ಷಿ. ಆದರೆ ಒಂದು ಬೋರ್ಡಿನ ಮೇಲೆ ನನಗೆ ನಾಲ್ಕು ವರ್ಷದಿಂದ ಸಿಟ್ಟಿದೆ. ಇಳಿಯುವ ಲಕ್ಷಣ ಕಾಣುತ್ತಿಲ್ಲ.

ಆ ಬೋರ್ಡು ಇರುವುದು ಕೆನಡಾದ ವಿಟ್ಬಿ ಅನ್ನುವ ಊರಿನಿಂದ ಉತ್ತರಕ್ಕೆ, ಮೆಕ್ಕೆಜೋಳದ ಹೊಲಗಳ ನಡುವಿನ ಒಂದು ಪುಟ್ಟ ಪ್ರಾಣಿವನದಲ್ಲಿ. ಹೆಸರು ಬೇಡ ಬಿಡಿ, ಅವರೂ ಬದುಕಬೇಕು. ಸೊಂಟದೆತ್ತರದ ಕಂಬ, ಅದರ ಮೇಲೆ ತಗಡಿನ ಹಲಗೆ, ಹಲಗೆಯ ಮೇಲೆ ಆಸ್ಟ್ರೇಲಿಯಾದ ನಕ್ಷೆ. ನಕ್ಷೆಯ ಆಗ್ನೇಯ ಮೂಲೆಗೂ ಅದರ ಕೆಳಗಿನ ಟಾಸ್ಮೇನಿಯಾ ದ್ವೀಪಕ್ಕೂ ಕೆಂಪು ಬಣ್ಣ ಬಳಿದು, ‘ಇದು ವಾಲಬಿಯ ಸಹಜ ನೆಲೆ’ ಎಂದು ಶುರುವಾಗುವ ಒಂಬತ್ತು ಸಾಲು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ವಾಲಬಿ ಅಂದರೆ ಕಾಂಗರೂವಿನ ಗಿಡ್ಡ ತಮ್ಮ ಅಂದುಕೊಳ್ಳಿ. ಬೇಲಿಯ ಆಚೆ ಅಂಥವು ಹನ್ನೊಂದು ಇವೆ. ಬೋರ್ಡು ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳಿದ್ದರೆ ಅಳಿಸಿ ಬರೆಯಿರಿ ಎಂದು ಜಗಳ ಮಾಡಬಹುದಿತ್ತು. ಹೇಳಿದ್ದೆಲ್ಲ ನಿಜವೇ ಆಗಿರುವುದರಿಂದಲೇ ನನಗೆ ಮೈ ಉರಿಯುವುದು.

ಯಾಕೆ ಅಂತೀರಾ? ಚಳಿಗಾಲದ ಒಂದು ಶನಿವಾರ ನನ್ನ ಜೊತೆ ಅಲ್ಲಿ ನಿಲ್ಲಬೇಕು ನೀವು. ಜನ ಬರುತ್ತಾರೆ, ಬೋರ್ಡು ಓದುತ್ತಾರೆ, ಮಂಡಿಯುದ್ದ ಹಿಮದಲ್ಲಿ ಆರಾಮಾಗಿ ಕೂತು ಕ್ಯಾರೆಟ್ ಕಡಿಯುತ್ತಿರುವ ವಾಲಬಿಯನ್ನು ನೋಡುತ್ತಾರೆ, ‘ಅಯ್ಯೋ ಪಾಪ’ ಅನ್ನುತ್ತಾರೆ. ಆಮೇಲೆ ಕಿತ್ತಳೆ ಬಣ್ಣದ ವಾಲಂಟಿಯರ್ ಜಾಕೆಟ್ಟಿನೊಳಗೆ ನಿಂತಿರುವ ನನ್ನ ಕಡೆ ತಿರುಗುತ್ತಾರೆ. ಉಲ್ಲನ್ ಟೋಪಿಯ ಕೆಳಗೆ ಎಣ್ಣೆಗೆಂಪು ಮುಖ, ಮೂಗುಬೊಟ್ಟು.

“ನೀವು ಎಲ್ಲಿಯವರು?”

“ಥಾರ್ನ್‌ಹಿಲ್.”

“ಅಲ್ಲ, ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೆ ಸ್ಕಾರ್ಬರೋ. ಬಾಡಿಗೆ ಮನೆ, ನಾಲ್ಕನೇ ಮಹಡಿ.”

ಅಲ್ಲಿಗೂ ಬಿಡುವುದಿಲ್ಲ. ಕೊನೆಗೆ ನಾನೇ ಸೋತು ಇಂಡಿಯಾ ಅಂದರೆ ಅವರ ಮುಖದಲ್ಲಿ ಸಮಾಧಾನ ಮೂಡುತ್ತದೆ, ಕಳೆದುಹೋದ ಬೀಗದಕೈ ಸಿಕ್ಕಿದ ಹಾಗೆ. “ಈ ಚಳಿ ನಿಮಗೆ ಬಹಳ ಕಷ್ಟ ಅಲ್ವಾ?” ವಾಲಬಿಗೆ ಹೇಳಿದ ಅದೇ ‘ಪಾಪ’ದ ಧ್ವನಿ. ಅವರು ಕೆಟ್ಟವರಲ್ಲ, ಒಳ್ಳೆಯ ಜನ. ನನಗೂ ವಾಲಬಿಗೂ ಕನಿಕರ ತೋರಿಸಿದ್ದೇವೆ ಎಂದು ಖುಷಿಯಾಗಿ ಮುಂದಿನ ಬೇಲಿಗೆ, ಒಂಟೆಯ ಜಾತಿಯ ಲಾಮಾ ನೋಡಲು ಹೋಗುತ್ತಾರೆ. ನಾನು ಈ ದೇಶಕ್ಕೆ ಬಂದದ್ದು ಎಪ್ಪತ್ತಮೂರರಲ್ಲಿ. ಪ್ರಶ್ನೆ ಕೇಳಿದವರಲ್ಲಿ ಅರ್ಧ ಜನ ಆಗ ಹುಟ್ಟಿರಲೂ ಇಲ್ಲ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಹುಟ್ಟಿದ್ದು ಚಿತ್ರದುರ್ಗ, ಇಲ್ಲಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದೆ. ಪಾಠ ಹೇಳಿ ಅಭ್ಯಾಸವಾದ ಬಾಯಿಯ ಕಷ್ಟ ನಿಮಗೆ ಗೊತ್ತಿರಲಾರದು. ಕೇಳುವವರಿಲ್ಲದೆ ಅದು ತುರಿಸುತ್ತಿರುತ್ತದೆ. ಮನೆಯಲ್ಲಿ ಶುರು ಮಾಡಿದರೆ ನಮ್ಮ ಯಜಮಾನರು, ಧಾರವಾಡದ ಕಡೆಯ ನಿವೃತ್ತ ಸಿವಿಲ್ ಎಂಜಿನಿಯರು, ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರು ನೋಡುವ ನೆಪದಲ್ಲಿ ಬೇಸ್‌ಮೆಂಟಿಗೆ ಇಳಿದುಬಿಡುತ್ತಾರೆ. ನಮ್ಮ ಮನೆಯ ಫಿಲ್ಟರಿನಷ್ಟು ಪರೀಕ್ಷೆಗೊಳಗಾದ ಫಿಲ್ಟರು ಒಂಟಾರಿಯೋದಲ್ಲಿ ಇನ್ನೊಂದಿಲ್ಲ. ಕನ್ನಡದವರ ಕೂಟಕ್ಕೆ ಹೋದರೆ ನನ್ನಿಂದ ಕೇಳಿಸಿಕೊಳ್ಳಬಯಸುವುದು ಬಿಸಿಬೇಳೆಬಾತಿನ ಪುಡಿಯ ಅಳತೆ ಮಾತ್ರ. ಹಾಗಾಗಿ ಶನಿವಾರ ಹನ್ನೊಂದು ಗಂಟೆಗೆ ವಾಲಬಿ ಬೇಲಿಯ ಮುಂದೆ ನಿಂತು ಇಪ್ಪತ್ತು ನಿಮಿಷ ಮಾತಾಡುವ ಕೆಲಸ ಸಿಕ್ಕಿದಾಗ ನನಗೆ ಸಿಕ್ಕಿದ್ದು ಕೆಲಸವಲ್ಲ, ಉಸಿರು. ವಾರದ ಉಳಿದ ದಿನಗಳನ್ನೆಲ್ಲ ಆ ಇಪ್ಪತ್ತು ನಿಮಿಷದ ಆಸೆಯ ಮೇಲೆ ದೂಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮಾತಾಡಲು ವಿಷಯಕ್ಕೇನು ಬರವೇ! ಕಾಂಗರೂ ಅಂದರೆ ಎಲ್ಲರ ತಲೆಯಲ್ಲೂ ಒಂದೇ ಚಿತ್ರ: ಕೆಂಪು ಮಣ್ಣು, ಖಾಲಿ ಬಯಲು, ಬಿಸಿಲಲ್ಲಿ ಕುಪ್ಪಳಿಸುವ ಪ್ರಾಣಿ. ಆ ಮನೆತನದ ವಿಸ್ತಾರ ನೋಡಿದರೆ ನನಗೆ ನಮ್ಮ ಕಡೆಯ ತುಂಬಿದ ಮನೆ ಪಾಲಾದದ್ದು ನೆನಪಾಗುತ್ತದೆ. ಹಿರಿಯಣ್ಣ ಕೆಂಪು ಕಾಂಗರೂ ಒಳನಾಡಿನ ಒಣ ಬಯಲನ್ನು ತನಗಿಟ್ಟುಕೊಂಡ. ಮಧ್ಯಾಹ್ನ ಸಿಕ್ಕ ಪೊದೆಯ ನೆರಳಲ್ಲಿ ಉರುಳಿಕೊಂಡು, ಮುಂಗೈ ನೆಕ್ಕಿ ಒದ್ದೆ ಮಾಡಿಕೊಂಡು ಮೈ ತಂಪು ಮಾಡಿಕೊಳ್ಳುತ್ತಾನೆ. ಬೇಸಿಗೆಯಲ್ಲಿ ನಮ್ಮ ಸೋದರಮಾವ ಒದ್ದೆ ಟವಲು ಹೊದ್ದು ಜಗಲಿಯ ಮೇಲೆ ಬಿದ್ದುಕೊಳ್ಳುತ್ತಿದ್ದುದು ಹೀಗೇ. ಬೂದು ಕಾಂಗರೂ ಕಾಡಂಚಿನ ಹುಲ್ಲು ಹಿಡಿದ. ಬಂಡೆವಾಲಬಿ ಅಂಗಾಲಿನ ಒರಟು ಚರ್ಮ ನಂಬಿಕೊಂಡು ಕಡಿದಾದ ಕಲ್ಲುಗುಡ್ಡ ಹತ್ತಿ ಕೂತ. ದುರ್ಗದವಳಾದ್ದರಿಂದ ಅವನ ಮೇಲೆ ನನಗೆ ಸ್ವಲ್ಪ ಪಕ್ಷಪಾತ. ಬೆಕ್ಕಿನಷ್ಟು ಗಾತ್ರದ ಕ್ವಾಕಾ ಅನ್ನುವವನು ಸಮುದ್ರದ ನಡುವಿನ ದ್ವೀಪದಲ್ಲಿ ನೆಮ್ಮದಿಯಾಗಿದ್ದಾನೆ. ಇನ್ನೊಬ್ಬ ದಟ್ಟ ಕಾಡಿನ ಹುಲ್ಲಿನೊಳಗೆ ಸುರಂಗದಂಥ ದಾರಿ ಮಾಡಿಕೊಂಡು ಯಾರ ಕಣ್ಣಿಗೂ ಬೀಳದೆ ಸಂಸಾರ ನಡೆಸುತ್ತಾನೆ.

ಇವರೆಲ್ಲರಿಗಿಂತ ನನಗೆ ಹೆಚ್ಚು ಗೌರವ ಇರುವುದು ಮರಗಾಂಗರೂಗೆ. ಇದರ ಪೂರ್ವಜರು ಮರದ ಮೇಲಿದ್ದವರು. ಅವರ ಮಕ್ಕಳು ನೆಲಕ್ಕಿಳಿದರು, ಯುಗಗಟ್ಟಲೆ ಕುಪ್ಪಳಿಸಿದರು, ಕುಪ್ಪಳಿಸುವುದಕ್ಕೇ ಹೇಳಿ ಮಾಡಿಸಿದ ಕಾಲು, ಬಾಲ ಬೆಳೆಸಿಕೊಂಡರು. ಅಷ್ಟೆಲ್ಲ ಆದ ಮೇಲೆ ಅವರಲ್ಲೊಂದು ಶಾಖೆಗೆ ಏನನ್ನಿಸಿತೋ, ನ್ಯೂಗಿನಿಯ ಮಳೆಕಾಡಿನಲ್ಲಿ ಮತ್ತೆ ಮರ ಹತ್ತಿಬಿಟ್ಟರು! ಹತ್ತುವುದು ಅಷ್ಟೇನೂ ಚೆಂದವಿಲ್ಲ. ಮೊದಲ ಸಲ ಎಸ್ಕಲೇಟರು ಹತ್ತಿದ ನಮ್ಮ ಅತ್ತೆಯ ಹಾಗೆ ತಬ್ಬಿಬ್ಬಾಗಿ ಕಾಣುತ್ತಾರೆ. ಕಂಡರೆ ಕಾಣಲಿ. ನಿಮ್ಮ ಸಹಜ ನೆಲೆ ಯಾವುದು ಎಂದು ಮರಗಾಂಗರೂವನ್ನು ಯಾರಾದರೂ ಕೇಳಿದರೆ ಅದು ಯಾವ ಕಾಲದ ಲೆಕ್ಕದಲ್ಲಿ ಉತ್ತರ ಹೇಳಬೇಕು? ಮರವೋ, ನೆಲವೋ, ಮತ್ತೆ ಮರವೋ?

ಇನ್ನೂ ಹಿಂದಕ್ಕೆ ಹೋಗೋಣ, ಮೇಷ್ಟ್ರಿಗೆ ಹಿಂದಕ್ಕೆ ಹೋಗುವುದೆಂದರೆ ಪ್ರಾಣ. ಹೊಟ್ಟೆಚೀಲದ ಪ್ರಾಣಿಗಳ ಮೂಲ ಆಸ್ಟ್ರೇಲಿಯಾವೇ ಅಲ್ಲ. ಪಂಡಿತರಲ್ಲಿ ಜಗಳವಿದೆ, ಆದರೆ ದಕ್ಷಿಣ ಅಮೆರಿಕದಿಂದ, ಆಗಿನ್ನೂ ಹಸಿರಾಗಿದ್ದ ಅಂಟಾರ್ಕ್ಟಿಕದ ಮೂಲಕ ಅವು ಆಸ್ಟ್ರೇಲಿಯಾಕ್ಕೆ ನಡೆದುಹೋದವು ಅನ್ನುವುದನ್ನು ಹೆಚ್ಚಿನವರು ಒಪ್ಪುತ್ತಾರೆ. ಡೈನೋಸಾರುಗಳ ಕಾಲದ ಆ ವಂಶದ ಪಳೆಯುಳಿಕೆಗಳು ಇಲ್ಲೇ, ನಮ್ಮ ಆಲ್ಬರ್ಟಾದಲ್ಲಿ ಸಿಕ್ಕಿವೆ. ಅಂದರೆ ನಮ್ಮ ವಾಲಬಿ ಕೆನಡಾಕ್ಕೆ ಬಂದದ್ದು ವಲಸೆ ಅಂತೀರೋ, ಅಜ್ಜನ ಮನೆಗೆ ಬಂದದ್ದು ಅಂತೀರೋ?

ಅಷ್ಟು ದೂರ ಬೇಡ ಅಂದರೆ ನಮ್ಮ ಹಿತ್ತಲಿಗೆ ಬನ್ನಿ. ಥಾರ್ನ್‌ಹಿಲ್ಲಿನ ನಮ್ಮ ಕಸದ ಡಬ್ಬಿಯ ಹತ್ತಿರ ಮುಸ್ಸಂಜೆಗೆ ಒಂದು ಅಪೋಸಮ್ ಬರುತ್ತದೆ. ದೊಡ್ಡ ಹೆಗ್ಗಣದಂತೆ ಕಾಣುತ್ತದೆ, ಆದರೆ ಹೊಟ್ಟೆಯಲ್ಲಿ ಚೀಲ. ಕಾಂಗರೂವಿನ ದೂರದ ದಾಯಾದಿ. ಯಾರೂ ಹಡಗಿನಲ್ಲಿ ತಂದದ್ದಲ್ಲ, ದಕ್ಷಿಣದಿಂದ ತಾನೇ ತಲೆಮಾರಿಗೊಂದಿಷ್ಟು ದೂರ ನಡೆದು ಬಂದದ್ದು. ಅದರ ಕಿವಿಗೆ ಕೂದಲಿಲ್ಲ, ಬಾಲಕ್ಕೂ ಇಲ್ಲ. ನಮ್ಮಲ್ಲಿಗೆ ಬರುವ ಅಪೋಸಮ್ಮಿನ ಎರಡು ಕಿವಿಯ ತುದಿಯೂ ಚಳಿಗೆ ಕರಗಿಹೋಗಿದೆ. ವಾಪಸ್ ಹೋಯಿತೇ? ಜಪ್ಪಯ್ಯ ಅಂದರೂ ಹೋಗಲಿಲ್ಲ. ಅರ್ಧ ಕಿವಿ ಇಟ್ಟುಕೊಂಡು ನಾವು ಎಸೆದ ಹಲಸಿನ ತೊಳೆ ತಿನ್ನುತ್ತದೆ. ಅದರ ಮುಖ ನೋಡಿದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಇದನ್ನೆಲ್ಲ ಶನಿವಾರದ ಮಾತಿನಲ್ಲಿ ಹೇಳುತ್ತಿದ್ದೆ. ಜನ ನಗುತ್ತಿದ್ದರು, ಮಕ್ಕಳು ಪ್ರಶ್ನೆ ಕೇಳುತ್ತಿದ್ದರು. ಕೊನೆಗೆ ತಪ್ಪದೆ ಒಂದು ಮಾತು ಸೇರಿಸುತ್ತಿದ್ದೆ: “ಈ ಹನ್ನೊಂದರಲ್ಲಿ ಆಸ್ಟ್ರೇಲಿಯಾ ನೋಡಿದ್ದು ಒಂದೂ ಇಲ್ಲ. ಇವುಗಳ ಅಮ್ಮ ಹುಟ್ಟಿದ್ದೂ ಒಂಟಾರಿಯೋದಲ್ಲಿ, ಅಜ್ಜಿ ಹುಟ್ಟಿದ್ದೂ ಒಂಟಾರಿಯೋದಲ್ಲಿ. ಇವು ವಿಟ್ಬಿಯವು. ಚಳಿಗೆ ಪಾಪ ಅನ್ನಬೇಡಿ, ಟಾಸ್ಮೇನಿಯಾದ ಬೆಟ್ಟದಲ್ಲೂ ಹಿಮ ಬೀಳುತ್ತೆ. ಹಿಂದೆ ಬೆಚ್ಚನೆಯ ಕೊಟ್ಟಿಗೆ ಇದೆ, ಬಾಗಿಲೂ ತೆರೆದಿದೆ. ಹೊರಗೆ ಕೂತಿರೋದು ಇವುಗಳ ಇಷ್ಟ.”

ಇನ್ನು ನಾನು ಮಾಡಿದ ಎಡವಟ್ಟಿಗೆ ಬರುತ್ತೇನೆ. ಕೆನಡಾಕ್ಕೆ ನೂರೈವತ್ತು ತುಂಬಿತೆಂದು ಊರೆಲ್ಲ ಕೆಂಪು ಬಾವುಟ ಕಟ್ಟಿದ್ದ ವರ್ಷ ಅದು. ಮೇ ತಿಂಗಳು. ಹಿಂದಿನ ಬೇಸಿಗೆಯ ಕೊನೆಯಲ್ಲಿ ಅವರೆಕಾಳಿನಷ್ಟು ಗಾತ್ರದಲ್ಲಿ ಹುಟ್ಟಿ, ಕಣ್ಣಿಲ್ಲದೆ ಅಮ್ಮನ ಕೂದಲು ಹಿಡಿದು ಹತ್ತಿ ಚೀಲ ಸೇರಿದ್ದ ಒಂದು ಹೆಣ್ಣುಮರಿ, ಒಂಬತ್ತು ತಿಂಗಳು ಒಳಗೇ ಕೂತಿತ್ತು. ಮೊದಮೊದಲು ಮೂಗು ಕಂಡಿತು, ಆಮೇಲೆ ಕಿವಿ, ಒಂದು ವಾರ ಬರೀ ಒಂದು ಕಾಲು. ಆ ಶನಿವಾರ ಬೆಳಿಗ್ಗೆ ನನ್ನ ಕಣ್ಣೆದುರೇ ಅದು ತಲೆಕೆಳಗಾಗಿ ಹುಲ್ಲಿನ ಮೇಲೆ ಬಿತ್ತು, ಎದ್ದಿತು, ನಾಲ್ಕು ಹೆಜ್ಜೆ ಅಡ್ಡಾದಿಡ್ಡಿ ಕುಪ್ಪಳಿಸಿತು, ಹೆದರಿ ಮತ್ತೆ ಚೀಲಕ್ಕೆ ಧುಮುಕಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಸಿಲು ದಾಟಿಬಿಡ್ತಲ್ಲೇ ನನ್ನ ಕಂದ, ಅಂದುಬಿಟ್ಟೆ.

ಅಂದ ಮೇಲೆ ಸುಮ್ಮನಿರಲಾಗಲಿಲ್ಲ. ನಮ್ಮ ಮನೆಯಲ್ಲಿ ಮಗು ಮೊದಲ ಸಲ ಹೊಸಿಲು ದಾಟಿದರೆ ಹೊಸಿಲಿಗೆ ಅರಿಸಿನ ಕುಂಕುಮ ಇಟ್ಟು, ಹೂರಣದ ಕಡುಬು ಮಾಡಿ ಹತ್ತು ಮನೆಗೆ ಹಂಚುತ್ತೇವೆ. ನನ್ನ ಮಗಳು ಸ್ಮಿತಾ ಅಂಬೆಗಾಲಿಟ್ಟದ್ದು ಸ್ಕಾರ್ಬರೋದ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಹೊಸಿಲೆಲ್ಲಿಂದ ಬರಬೇಕು? ಕಾರ್ಪೆಟ್ಟು ಮುಗಿದು ಕಾರಿಡಾರು ಶುರುವಾಗುವ ಕಡೆ ಒಂದು ಅಲ್ಯೂಮಿನಿಯಂ ಪಟ್ಟಿ ಇತ್ತು, ಅದಕ್ಕೇ ಅರಿಸಿನ ಬಳಿದು, ಎದುರು ಮನೆಯ ಪೋರ್ಚುಗೀಸ್ ಅಜ್ಜಿಗೆ ಕಡುಬು ಕೊಟ್ಟಿದ್ದೆ. ಅಪಾರ್ಟ್‌ಮೆಂಟಿಗೆ ನಡೆದದ್ದು ಪ್ರಾಣಿವನಕ್ಕೆ ಯಾಕೆ ನಡೆಯಬಾರದು? ಮುಂದಿನ ಶನಿವಾರ ಅರವತ್ತು ಕಡುಬು ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಒಯ್ದೆ. ಬೇಲಿಯ ಗೇಟಿಗೆ ಚಿಟಿಕೆ ಅರಿಸಿನ ಇಟ್ಟೆ. ಮಾತು ಮುಗಿದ ಮೇಲೆ, “ನಮ್ಮ ಮರಿ ಮನೆಯಿಂದ ಹೊರಗೆ ಕಾಲಿಟ್ಟಿದೆ, ಬಾಯಿ ಸಿಹಿ ಮಾಡ್ಕೊಳ್ಳಿ” ಎಂದು ಬಂದವರಿಗೆಲ್ಲ ಹಂಚಿದೆ.

ಒಂದು ನಾಲ್ಕು ವರ್ಷದ ಪುಟಾಣಿ ಅರ್ಧ ತಿಂದು, ಉಳಿದರ್ಧವನ್ನು ಬಾಣಂತಿಗೆ ಕೊಡಬೇಕೆಂಬ ಸದ್ಬುದ್ಧಿಯಿಂದ ಬೇಲಿಯ ಸಂದಿಯಲ್ಲಿ ತೂರಿಸಿಬಿಟ್ಟಿತು. ವಾಲಬಿ ಮೂಸಿತು, ತಿಂದೇಬಿಟ್ಟಿತು. ಗೋಧಿ, ಬೇಳೆ, ಬೆಲ್ಲ, ಏಲಕ್ಕಿ! ಹುಲ್ಲು ತಿನ್ನುವ ಪ್ರಾಣಿಯ ಹೊಟ್ಟೆಗೆ ಅದು ಆಗಿಬರುವುದಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಓಡಾಟ, ಡಾಕ್ಟರಿಗೆ ಫೋನು. ಅದಕ್ಕೆ ಏನೂ ಆಗಲಿಲ್ಲ, ಆದರೆ ಎರಡು ದಿನ ನಾನು ಗಂಟೆಗೊಂದು ಸಲ ಫೋನು ಮಾಡಿ ವಿಚಾರಿಸುತ್ತಿದ್ದೆ. ತಪ್ಪು ನನ್ನದೇ, ಆ ಮಗುವಿನದಲ್ಲ.

“ಅಮ್ಮಾ, ಯು ಹ್ಯಾಡ್ ಎ ನೇಮಿಂಗ್ ಸೆರೆಮನಿ ಫಾರ್ ಎ ವಾಲಬಿ?” ಅಂದಳು ಸ್ಮಿತಾ ಫೋನಿನಲ್ಲಿ.

“ನಾಮಕರಣ ಅಲ್ಲ ಕಣೇ, ಹೊಸಿಲು ದಾಟಿಸೋದು.”

“ಸೇಮ್ ಥಿಂಗ್. ಸೋ ಎಂಬರಾಸಿಂಗ್.”

ಮುಂದಿನ ವಾರ ಮ್ಯಾನೇಜರ್ ಮೆಲಿಸ್ಸಾ ನನ್ನನ್ನು ಆಫೀಸಿಗೆ ಕರೆದಳು. ಮೂವತ್ತರ ಹುಡುಗಿ, ಪ್ರಾಣಿಗಳ ಮೇಲೆ ಜೀವ. ನಾನು ಹೋದವಳೇ ಕ್ಷಮೆ ಕೇಳಿದೆ. ಒಂದು ತಿಂಗಳು ಬೇಲಿಯ ಹತ್ತಿರ ಬರಬೇಡಿ ಅಂದರೆ ಬರುವುದಿಲ್ಲ, ಅನ್ನದ ಡಬ್ಬಿಯನ್ನೂ ಕಾರಿನಲ್ಲೇ ಬಿಡುತ್ತೇನೆ ಅಂದೆ. ಅವಳು ತಲೆಯಾಡಿಸಿದಳು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಮೇಜಿನ ಮೇಲಿಂದ ಒಂದು ಕಾರ್ಡು ತೆಗೆದು ನನ್ನ ಮುಂದಿಟ್ಟಳು. ಪ್ಲಾಸ್ಟಿಕ್ ಹೊದಿಸಿದ ಕಾರ್ಡು, ಬೋರ್ಡಿನಲ್ಲಿದ್ದದ್ದೇ ಒಂಬತ್ತು ಸಾಲು.

“ಇನ್ನು ಮೇಲೆ ಇದನ್ನಷ್ಟೇ ಓದಿ. ನಿಮ್ಮ ಮಾತಿಂದ ಬಂದವರಿಗೆ ಗೊಂದಲ ಆಗ್ತಿದೆಯಂತೆ. ವಾಲಬಿ ವಿಟ್ಬಿಯ ಪ್ರಾಣಿ ಅಂತ ಒಂದು ಮಗು ಸ್ಕೂಲಲ್ಲಿ ಬರೆದು ಬಂತಂತೆ. ಜೊತೆಗೆ…” ಅವಳು ಕಂಪ್ಯೂಟರಿನ ಪರದೆಯ ಕಡೆ ತಿರುಗಿದಳು. “ಕೆಲವರು ನಿಮ್ಮ ಆಕ್ಸೆಂಟು ಅರ್ಥ ಆಗಲ್ಲ ಅಂತ ಬರೆದಿದಾರೆ. ಕಾರ್ಡಾದ್ರೆ ನಿಮಗೂ ಸುಲಭ.”

ಮೂವತ್ತು ವರ್ಷ ಇದೇ ಆಕ್ಸೆಂಟಿನಲ್ಲಿ ನಾನು ಹೇಳಿದ ಪಾಠ ಕೇಳಿ ನರ್ಸುಗಳಾದವರಿದ್ದಾರೆ, ಡಾಕ್ಟರಾದವರಿದ್ದಾರೆ. ಪ್ರಾಣ ಉಳಿಸಲು ಅರ್ಥವಾದ ಆಕ್ಸೆಂಟು ವಾಲಬಿ ನೋಡಲು ಅರ್ಥವಾಗುವುದಿಲ್ಲವೇ? ಕಾರ್ಡನ್ನು ಅವಳ ಕಡೆಗೇ ಸರಿಸಿದೆ. ಆದರೂ ಧ್ವನಿ ತಗ್ಗಿಸಿಯೇ ಹೇಳಿದೆ: “ಮೆಲಿಸ್ಸಾ, ಕಡುಬಿನ ತಪ್ಪಿಗೆ ನೀನು ಏನು ಶಿಕ್ಷೆ ಕೊಟ್ಟರೂ ಸರಿ. ಇದು ಶಿಕ್ಷೆ ಅಲ್ಲ, ಗಿಣಿಪಾಠ. ಆ ಮಗು ಬರೆದಿದ್ದರಲ್ಲಿ ಗೊಂದಲ ಇದ್ದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಬಿಡಿಸಿ ಹೇಳ್ತೀನಿ. ಆದರೆ ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲೇ ಹೆತ್ತಿರೋ ಜೀವದ ಮುಂದೆ ನಿಂತು, ಇದು ಬೇರೆ ಊರಿನದು, ಪಾಪ, ಅಂತ ನನ್ನ ಬಾಯಿಂದ ಬರೋದಿಲ್ಲ.”

“ಹಾಗಾದ್ರೆ ಆ ಜಾಗ ನಾನು ಬೇರೆಯವರಿಗೆ ಕೊಡಬೇಕಾಗುತ್ತೆ,” ಅಂದಳು. ಅವಳ ಕಣ್ಣಲ್ಲಿ ಬೇಸರವಿತ್ತು, ಸುಳ್ಳು ಹೇಳಬಾರದು.

ಕಿತ್ತಳೆ ಜಾಕೆಟ್ಟು ಬಿಚ್ಚಿ, ಮಡಿಚಿ, ಕಾರ್ಡಿನ ಮೇಲೆ ಇಟ್ಟು ಬಂದೆ. ಕಾರಿನವರೆಗೂ ತಲೆ ಎತ್ತಿಕೊಂಡೇ ನಡೆದೆ. ಕಾರಿನಲ್ಲಿ ನನಗಾಗಿ ಕಾಯುತ್ತಿದ್ದ ಯಜಮಾನರ ಪಕ್ಕ ಕೂತ ಮೇಲೆ ಅತ್ತುಬಿಟ್ಟೆ.

“ಓದಿದ್ರ ಏನಾಗ್ತಿತ್ತು?” ಅಂದರು ನಮ್ಮ ಯಜಮಾನರು, ಹೈವೇಗೆ ಬಂದ ಮೇಲೆ. “ಒಂಬತ್ತು ಸಾಲು ಓದೂದು, ಕೈ ಕಟ್ಟಿ ನಿಂದ್ರೂದು. ಹಟಾ ಮಾಡಿ ಏನ್ ಸಿಕ್ತು ನಿನಗ?”

“ನೀವು ಓದ್ತಿದ್ರಾ?”

ಅವರು ಕಾರಿನ ವೇಗ ತಗ್ಗಿಸಿ ಬಲಗಡೆಯ ಲೇನಿಗೆ ತಂದರು. ಆಮೇಲೆ, “ನಾ ನಲವತ್ತು ವರ್ಷ ಆಫೀಸ್‌ನ್ಯಾಗ ಅವರು ಕೊಟ್ಟಿದ್ದ ಓದೀನಿ. ನೀ ಓದಬ್ಯಾಡ,” ಅಂದರು. ಆ ಮನುಷ್ಯ ಅಷ್ಟು ವರ್ಷದಲ್ಲಿ ನನಗೆ ಹೇಳಿದ ಮಾತುಗಳಲ್ಲಿ ಅದಕ್ಕಿಂತ ಸಿಹಿಯಾದದ್ದು ನೆನಪಿಲ್ಲ.

ನಾಲ್ಕು ಶನಿವಾರ ಮನೆಯಲ್ಲೇ ಕೂತೆ. ಶಿಕ್ಷೆ ಎಂದು ನಾನೇ ಒಪ್ಪಿಕೊಂಡಿದ್ದ ತಿಂಗಳು ಅದು, ಪೂರ್ತಿ ಅನುಭವಿಸಿದೆ. ಹನ್ನೊಂದು ಗಂಟೆಯಾದರೆ ಬಾಲ ಸುಟ್ಟ ಬೆಕ್ಕಿನಂತೆ ಅಡುಗೆಮನೆಗೂ ಹಾಲಿಗೂ ತಿರುಗುತ್ತಿದ್ದೆ. ಕೊತ್ತಂಬರಿ ಸೊಪ್ಪಿಗೆ ಮರಗಾಂಗರೂ ಬಗ್ಗೆ ಹೇಳಿದ್ದೂ ಉಂಟು. ಇಷ್ಟು ದೊಡ್ಡ ದೇಶದಲ್ಲಿ ನಾನು ನಿಂತು ಮಾತಾಡುವಷ್ಟು ಜಾಗ ಒಂದು ಬೇಲಿಯ ಮುಂದೆ ಇತ್ತು, ಅದೂ ಹೋಯಿತಲ್ಲ.

ಐದನೆಯ ಶನಿವಾರ ಬೆಳಿಗ್ಗೆ ಎದ್ದವಳೇ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಅದರ ಮೇಲೆ ನನ್ನದೇ ನೀಲಿ ಸ್ವೆಟರ್ ಹಾಕಿಕೊಂಡೆ. “ಎಲ್ಲಿಗ?” ಅಂದರು ಅವರು. “ವಿಟ್ಬಿಗೆ” ಅಂದೆ. ಅವರು ಕಾರಿನ ಬೀಗದಕೈ ತೆಗೆದುಕೊಂಡರು.

ಗೇಟಿನಲ್ಲಿ ಎಲ್ಲರಂತೆ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡೆವು. ಅಲ್ಲೇ ಬಂದವರಿಗೆ ನಿಯಮಗಳನ್ನು ಬರೆದು ಹಾಕಿದ್ದಾರೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದೆ. ಪ್ರಾಣಿಗಳಿಗೆ ತಿನ್ನಲು ಕೊಡಬಾರದು, ಒಪ್ಪಿದೆ. ಬೇಲಿ ಹತ್ತಬಾರದು, ಮಂಡಿನೋವು, ಹತ್ತುವುದಿಲ್ಲ. ಕಲ್ಲು ಎಸೆಯಬಾರದು, ಕಿರುಚಬಾರದು, ನಾಯಿ ತರಬಾರದು. ಅಕ್ಕಪಕ್ಕ ನಿಂತವರ ಜೊತೆ ಮಾತಾಡಬಾರದು ಎಂದು ಎಲ್ಲೂ ಬರೆದಿರಲಿಲ್ಲ.

ವಾಲಬಿಯ ಬೇಲಿಯ ಮುಂದೆ ಹತ್ತು ಹನ್ನೆರಡು ಜನ ಇದ್ದರು. ಹೊಸ ವಾಲಂಟಿಯರು ಒಂಬತ್ತು ಸಾಲು ಓದಿ ಆಗಲೇ ಲಾಮಾಗಳ ಕಡೆ ಹೋಗಿಯಾಗಿತ್ತು. ಮರಿ ಈಗ ಚೀಲಕ್ಕೆ ತಲೆ ಮಾತ್ರ ತೂರಿಸಿ ಹಾಲು ಕುಡಿಯುವಷ್ಟು ಬೆಳೆದಿತ್ತು. ನಾನು ಬೇಲಿಯ ಹೊರಗೆ, ಜನರ ನಡುವೆ ನಿಂತು, ಪಕ್ಕದಲ್ಲಿದ್ದ ಹೆಂಗಸಿಗೆ ಮಾತ್ರ ಕೇಳುವ ಹಾಗೆ ಶುರು ಮಾಡಿದೆ. “ಅಷ್ಟು ದೊಡ್ಡದಾಗಿ ಕಾಣ್ತಿದೆಯಲ್ಲ ಆ ಮರಿ, ಹುಟ್ಟಿದಾಗ ಒಂದು ಕಾಳಿನಷ್ಟಿತ್ತು.” ಅವಳು ತಿರುಗಿದಳು. ಅವಳ ಆಚೆಯವರು ತಿರುಗಿದರು. ನನ್ನ ಧ್ವನಿ ತಾನಾಗಿಯೇ ಮೇಲಕ್ಕೇರಿತು, ಮೂವತ್ತು ವರ್ಷದ ರೂಢಿ, ನಾನೇನು ಮಾಡಲಿ? ಐದು ನಿಮಿಷದಲ್ಲಿ ಜನ ಸುತ್ತ ಸೇರಿದ್ದರು. ಯಾರೂ ಅರ್ಥವಾಗಲಿಲ್ಲ ಅನ್ನಲಿಲ್ಲ.

ಮೆಲಿಸ್ಸಾ ಆಫೀಸಿನಿಂದ ಬಂದು ಗುಂಪಿನ ಹಿಂದೆ ನಿಂತದ್ದು ಕಂಡಿತು. ಕೈ ಕಟ್ಟಿಕೊಂಡಿದ್ದಳು. ನಮ್ಮ ಯಜಮಾನರು ಮೆಲ್ಲಗೆ ಹೋಗಿ ಅವಳಿಗೂ ನನಗೂ ನಡುವೆ ನಿಂತರು. ಫಿಲ್ಟರು ನೋಡುವ ನೆಪ ಹೇಳಿ ಓಡಿಹೋಗಲಿಲ್ಲ, ಪುಣ್ಯಾತ್ಮ. ನಾನು ಮಾತು ನಿಲ್ಲಿಸಲಿಲ್ಲ. ಅವಳೂ ತಡೆಯಲಿಲ್ಲ.

ಚಿಕ್ಕ ಮಗಳ ಕೈ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬ ತಂದೆ ನನ್ನ ಸೀರೆ, ಸ್ವೆಟರ್ ಎಲ್ಲ ನೋಡಿ, “ನೀವು ಇಲ್ಲಿ ಕೆಲಸ ಮಾಡ್ತೀರಾ?” ಎಂದು ಕೇಳಿದ. ಮೆಲಿಸ್ಸಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲಪ್ಪ,” ಅಂದೆ. “ಟಿಕೆಟ್ ತಗೊಂಡು ಒಳಗೆ ಬಂದಿದೀನಿ, ನಿಮ್ಮ ಹಾಗೇ. ಮಗೂನ ಈ ಕಡೆ ಕರ್ಕೊಂಡು ಬನ್ನಿ, ಅಲ್ಲಿಂದ ಏನೂ ಕಾಣಲ್ಲ.”